ಹಂಡೆಯಕ್ಕನ ಬಿಲ್ಲೆ

ಹಂಡೆಮನೆಯಲ್ಲಿ ನಗು ನಿಂತದ್ದೇ ಮೊದಲ ಸುದ್ದಿ.

ಶನಿವಾರ. ಊಟದ ಹೊತ್ತು ಕಳೆದಿತ್ತು. ಗೋಡೆಯ ಈಚೆ ಇಸ್ತ್ರಿಯಮ್ಮ ಆಸ್ಪತ್ರೆಯ ಹಾಸುಬಟ್ಟೆಗಳ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಎಳೆಯುತ್ತಿದ್ದಳು. ಗೋಡೆಯ ಆಚೆ ಅವಳ ಒಡಹುಟ್ಟಿದ ಅಕ್ಕ ಕುದಿಯುವ ಹಂಡೆಗಳಿಗೆ ಕೋಲು ಹಾಕಿ ಬಟ್ಟೆ ತಿರುವುತ್ತಿದ್ದಳು. ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಹಂಡೆಯಕ್ಕ ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ನಗುವ ಹೆಂಗಸು ಅವಳು. ಡಾಕ್ಟರರ ಪೈಜಾಮ ಗಾಳಿ ತುಂಬಿಕೊಂಡು ಹಂಡೆಯ ಮೇಲೆ ಎದ್ದು ಕೂತರೆ ನಗು. ಕಾಲುಚೀಲವೊಂದು ಜೋಡಿ ಕಳೆದುಕೊಂಡು ಒಂಟಿಯಾಗಿ ತೇಲಿದರೆ ನಗು. ಹಂಡೆಗಳ ಕೊತಕೊತ ಸದ್ದನ್ನು ಮೀರಿ ಆ ನಗು ಗೋಡೆ ದಾಟಿ ಬರುತ್ತಿತ್ತು. ಅದು ಕೇಳುತ್ತಿದ್ದರೆ ಇಸ್ತ್ರಿಯಮ್ಮನ ಕೈ ತಾನಾಗಿ ಓಡುತ್ತಿತ್ತು.

ಅಂದು ಅದು ನಡುವೆಯೇ ನಿಂತಿತು. ನಗು ಮುಗಿಯುವಾಗ ಅಕ್ಕ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ಆ ಉಸಿರು ಬರಲಿಲ್ಲ.

ಇಸ್ತ್ರಿಯಮ್ಮ ಗೋಡೆ ತಟ್ಟಿದಳು. "ಅಕ್ಕಾ?"

ಉತ್ತರವಿಲ್ಲ. ಓಡಿಹೋಗಿ ಹಂಡೆಮನೆಯ ಬಾಗಿಲು ನೂಕಿದಳು. ಹೊರಗಿನಿಂದ ಬೀಗ. ಕಬ್ಬಿಣದ ತಗಡು ಹೊಡೆದ ಬಾಗಿಲು. ಕೆಳಗಿನ ಸಂದಿಯಿಂದ ಬಂದ ಹಬೆ ಅವಳ ಪಾದ ಸುಟ್ಟಿತು.

ಆ ಬೀಗ ಹಾಕಿಸಿದ್ದು ಲಾಂಡ್ರಿಯ ಯಜಮಾನರು. ಹೆಂಗಸರು ಮಾತಾಡಲು ಹೊರಗೆ ಬರುತ್ತಾರೆ, ಸೋಪನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾರೆ ಎಂದು ಅವರ ನಂಬಿಕೆ. ಬೆಳಿಗ್ಗೆ ಬೀಗ. ಊಟಕ್ಕೆ ತೆಗೆಯುವುದು. ಮತ್ತೆ ಬೀಗ. ಒಳಗಿದ್ದವಳಿಗೆ ಮೂತ್ರಕ್ಕೆ ಬಂದರೆ ತಡೆದುಕೊಳ್ಳಬೇಕು. ತಡೆಯಲಾಗದಿದ್ದರೆ ನೀರು ಹೋಗುವ ಕಂಡಿಯ ಹತ್ತಿರ ಕೂರಬೇಕು, ಅಲ್ಲೇ ನಿಂತು ಮತ್ತೆ ಕೆಲಸ ಮಾಡಬೇಕು. ಬೀಗದ ಕೈ ಯಜಮಾನರ ಕೋಟಿನ ಜೇಬಿನಲ್ಲಿ. ಕೋಟು ಯಜಮಾನರ ಮೈಮೇಲೆ. ಯಜಮಾನರು ಅವತ್ತು ಬೀದಿಯ ತುದಿಯ ಕ್ರೈಸ್ತ ದೇವಾಲಯದಲ್ಲಿ.

ಆ ಪ್ರೆಸ್ಬಿಟೇರಿಯನ್ ಸಭೆಯನ್ನು ನಡೆಸುವ ಹಿರಿಯರಲ್ಲಿ ಅವರೇ ಮೊದಲಿಗರು. ಮರುದಿನ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ ಮುರಿದು ಹಂಚುವ ಆರಾಧನೆ. ಭೋಜನಕ್ಕೆ ಯಾರು ಯೋಗ್ಯರು, ಯಾರು ಅಲ್ಲ ಎಂದು ಹಿರಿಯರೆಲ್ಲ ಕೂತು ಹಿಂದಿನ ದಿನವೇ ತೀರ್ಮಾನಿಸುತ್ತಿದ್ದರು. ಯೋಗ್ಯರಾದವರ ಕೈಗೆ ಒಂದೊಂದು ಬಿಲ್ಲೆ ಕೊಡುತ್ತಿದ್ದರು. ಹೆಬ್ಬೆರಳಿನ ಉಗುರಿನಷ್ಟು ಅಗಲದ ಸೀಸದ ತುಂಡು. ಭಾನುವಾರ ಬಾಗಿಲಲ್ಲಿ ಹಿರಿಯರೊಬ್ಬರು ತಟ್ಟೆ ಹಿಡಿದು ನಿಲ್ಲುತ್ತಿದ್ದರು. ತಟ್ಟೆಗೆ ಬಿಲ್ಲೆ ಹಾಕಿದವರು ಒಳಗೆ ಹೋಗಿ ಮೇಜಿನ ಮುಂದಿನ ಬೆಂಚುಗಳಲ್ಲಿ ಕೂತು ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಬಹುದು. ಬಿಲ್ಲೆ ಇಲ್ಲದವರು ಬಂದ ದಾರಿ ಹಿಡಿಯಬೇಕು. ಬೇರೆ ಊರುಗಳ ಸಭೆಗಳು ಈ ಪದ್ಧತಿಯನ್ನು ಎಂದೋ ಬಿಟ್ಟಿದ್ದವು. ಇಲ್ಲಿಯವರು ಬಿಟ್ಟಿರಲಿಲ್ಲ. ಬಾಗಿಲು ಕೈಯಲ್ಲಿದ್ದವರು ಅದನ್ನು ಯಾಕೆ ಬಿಡುತ್ತಾರೆ?

ಬಟ್ಟೆ ಹಿಂಡುವ ಯಂತ್ರದ ಹಿಡಿ ತಿರುಗಿಸುವವಳೊಬ್ಬಳಿದ್ದಳು. ಸಣಕಲು ಮೈ, ನಿಂತಲ್ಲಿ ನಿಲ್ಲುವವಳಲ್ಲ. ಅವಳಿಗೆ ಗಿರಗಿಟ್ಲೆ ಎಂದೇ ಹೆಸರು ಬಿದ್ದಿತ್ತು. ಅವಳು ದೇವಾಲಯಕ್ಕೆ ಓಡಿದಳು. ಬಾಗಿಲಲ್ಲಿ ಗಡಿಯಾರ ರಿಪೇರಿಯ ಹಿರಿಯರು ಅಡ್ಡ ನಿಂತರು.

"ಶ್! ಒಳಗೆ ಚರ್ಚೆ ನಡೀತಿದೆ."

"ಬೀಗದ ಕೈ ಬೇಕು! ಹಂಡೆಯಕ್ಕ ಒಳಗೆ ಬಿದ್ದಿದ್ದಾಳೆ!"

"ಅವಳ ವಿಷಯಾನೇ ಮಾತಾಡ್ತಿರೋದು. ಸ್ವಲ್ಪ ತಡಿ, ಪ್ರಾರ್ಥನೆ ಮುಗೀಲಿ."

ಅವಳ ವಿಷಯ ಇಷ್ಟೇ. ಸಭೆಯಲ್ಲಿ ಸ್ತ್ರೀಯರ ಕೂಟವೊಂದಿತ್ತು. ಪಾದ್ರಿ ಅಯ್ಯನವರ ಹೆಂಡತಿ, ಎಲ್ಲರ ಬಾಯಲ್ಲೂ ಅಮ್ಮನವರು, ಅದನ್ನು ನಡೆಸುತ್ತಿದ್ದರು. ಬುಧವಾರ ಸಂಜೆ ಹೆಂಗಸರು ಸೇರಿ ಅನಾಥ ಮಕ್ಕಳಿಗೆ ಅಂಗಿ ಹೊಲಿಯುತ್ತಿದ್ದರು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಮೈ ಒರೆಸಿ ಬರುತ್ತಿದ್ದರು. ಭೋಜನದ ರೊಟ್ಟಿ ಸುಡುವುದು, ಬಟ್ಟಲು ತೊಳೆಯುವುದು, ಮೇಜಿನ ಬಟ್ಟೆ ಒಗೆದು ಇಸ್ತ್ರಿ ಮಾಡುವುದು ಎಲ್ಲ ಅವರದೇ. ಕೊನೆಗೆ ಪ್ರಾರ್ಥನೆ. ಒಂದು ಬುಧವಾರ ಅಮ್ಮನವರು, "ದೂರದೇಶಗಳಲ್ಲಿ ಬಂಧನದಲ್ಲಿರುವ ಸ್ತ್ರೀಯರನ್ನು ಬಿಡಿಸು ಕರ್ತನೇ," ಎಂದು ಕಣ್ಣುಮುಚ್ಚಿ ಬೇಡುತ್ತಿದ್ದಾಗ ಹಂಡೆಯಕ್ಕ ಕಿಸಕ್ಕನೆ ನಕ್ಕಳು.

"ಯಾಕೆ ನಗ್ತೀಯ?" ಎಂದರು ಅಮ್ಮನವರು, ಕಣ್ಣು ತೆರೆದು.

"ಅಲ್ಲ ಅಮ್ಮನವ್ರೇ, ದೇವರನ್ನ ಪಾಪ ಅಷ್ಟು ದೂರ ಯಾಕೆ ಓಡಿಸ್ತೀರಿ? ಇಲ್ಲೇ ಹಂಡೆಮನೆಗೆ ಬಂದು ಹೋಗೋಕೆ ಹೇಳಿ. ಬೀಗ ಹೊರಗಿದೆ, ಅವರಿಗೆ ತೊಂದ್ರೆ ಇಲ್ಲ."

ಹೆಂಗಸರೆಲ್ಲ ನಕ್ಕರು. ಅಮ್ಮನವರು ನಗಲಿಲ್ಲ. ಮರುದಿನ ಲಾಂಡ್ರಿಗೆ ಹೋದರು. ಬೀಗ ನೋಡಿದರು. ಮುಂದಿನ ಬುಧವಾರ ಹೊಲಿಗೆ ನಡೆಯಲಿಲ್ಲ. ಕೂಟದ ಹೆಂಗಸರೆಲ್ಲ ಹೋಗಿ ಹಂಡೆಮನೆಯ ಮುಂದೆ ಕೂತು ಕೀರ್ತನೆ ಹಾಡಿದರು. ಹಂಡೆಯಕ್ಕ ಒಳಗಿನಿಂದ ದನಿಗೂಡಿಸಿದಳು. ರಾಗ ಅವಳಿಗೆ ಎಂದೂ ಕೂಡಿಬಂದದ್ದಲ್ಲ. ಬೀದಿಯವರೆಲ್ಲ ನೋಡಲು ಬಂದರು. ಯಜಮಾನರ ಮುಖ ಬೆಂದ ಬೀಟ್‌ರೂಟಿನ ಹಾಗಾಯಿತು. ಬೀಗ ತೆಗೆಯಲಿಲ್ಲ. ಹಂಡೆಯಕ್ಕನ ಮೇಲೆ ಹಿರಿಯರ ಮುಂದೆ ದೂರು ಬಂತು: ಪ್ರಾರ್ಥನೆಯಲ್ಲಿ ನಕ್ಕಳು, ಸಭೆಯಲ್ಲಿ ಕಲಹ ಬಿತ್ತಿದಳು.

ಆ ಶನಿವಾರ ಪ್ರಾರ್ಥನೆ ಮುಗಿಸಿ ಯಜಮಾನರು ಬಂದಾಗ ಹೆಂಗಸರು ಹಂಡೆಮನೆಯ ಬಾಗಿಲಿಗೆ ಹೆಗಲು ಕೊಟ್ಟು ಕೊಟ್ಟು ಸೋತಿದ್ದರು. ಬೀಗ ತೆಗೆದು, ಅದನ್ನು ಕೊಂಡಿಯಲ್ಲೇ ತೆರೆದು ಬಿಟ್ಟು, ಬೀಗದ ಕೈ ಜೇಬಿಗೆ ಹಾಕಿಕೊಂಡರು. ಅಷ್ಟು ಅವಸರದಲ್ಲೂ ಕೈಯನ್ನು ಮಾತ್ರ ಮರೆಯಲಿಲ್ಲ.

ಹಬೆಯ ನಡುವೆ ಅಕ್ಕ ಬಾಗಿಲಿನತ್ತ ಕೈ ಚಾಚಿ ಬಿದ್ದಿದ್ದಳು. ಉಸಿರು ಹೋಗಿತ್ತು.

"ದೇವರ ಚಿತ್ತ," ಎಂದರು ಯಜಮಾನರು.

ಇಸ್ತ್ರಿಯಮ್ಮ ಕೊಂಡಿಯಿಂದ ಆ ಬೀಗವನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಯಾಕೆ ಎಂದು ಅವಳಿಗೇ ಗೊತ್ತಿರಲಿಲ್ಲ.

*

ಸಂಜೆ ಇಸ್ತ್ರಿಯಮ್ಮನ ಮನೆಯಲ್ಲಿ ಹೆಂಗಸರು ಸೇರಿ ಹಂಡೆಯಕ್ಕನಿಗೆ ಸ್ನಾನ ಮಾಡಿಸಿದರು. ಅವಳ ಕೈಗಳನ್ನು ಎಲ್ಲರೂ ಸುಮ್ಮನೆ ನೋಡಿದರು. ಬೆರಳುಗಳು ಬಿಳಿಚಿ ಸುಕ್ಕಾಗಿದ್ದವು. ಎಷ್ಟೋ ವರ್ಷದ ಒಗೆಯುವ ಸೋಡಾದ ನೀರು ಉಗುರುಗಳನ್ನು ತಿಂದುಹಾಕಿತ್ತು. ಮೊಣಕೈವರೆಗೆ ಹಳೆಯ ಸುಟ್ಟ ಕಲೆಗಳ ಮೇಲೆ ಹೊಸ ಸುಟ್ಟ ಕಲೆ. ಆಸ್ಪತ್ರೆಯ ಅಷ್ಟೂ ರಕ್ತ, ಕೀವು, ಹೇಲು ತೊಳೆದ ಕೈ.

"ಸೋಪು ಕೊಡ್ರೇ," ಎಂದಳು ಇಸ್ತ್ರಿಯಮ್ಮ.

"ಇವಳಿಗೆ ಸೋಪು ಬೇಕಾ?" ಎಂದಳು ಗಿರಗಿಟ್ಲೆ ಮೂಗು ಒರೆಸಿಕೊಳ್ಳುತ್ತ. "ಸುಮ್ನೆ ನೀರು ಹಾಕಿ ಉಜ್ಜಿ. ಮೈಯಿಂದಾನೇ ನೊರೆ ಬರತ್ತೆ."

ನೀರು ಹಾಕಿದರು. ಉಜ್ಜಿದರು. ಕೂದಲಿನಿಂದ ನಿಜವಾಗಿಯೂ ನೊರೆ ಬಂತು.

ಮೊದಲು ಯಾರಿಗೆ ನಗು ಬಂತೋ ತಿಳಿಯದು. ಒಬ್ಬಳ ಭುಜ ಅಲುಗಿತು. ಇನ್ನೊಬ್ಬಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಮ್ಮನವರು, ಹೂಜಿ ಹಿಡಿದು ನಿಂತಿದ್ದವರು, "ಹೆಂಗಸರೇ, ಶಾಂತಿ, ಶಾಂತಿ," ಎನ್ನುತ್ತಲೇ ತಾವೇ ಬಿಕ್ಕಿ ಬಿಕ್ಕಿ ನಕ್ಕು ಹೂಜಿಯ ನೀರನ್ನೆಲ್ಲ ಕಾಲಮೇಲೆ ಚೆಲ್ಲಿಕೊಂಡರು. ಆಮೇಲೆ ತಡೆಯುವವರು ಯಾರೂ ಇರಲಿಲ್ಲ. ನಗುತ್ತ ಅತ್ತರು, ಅಳುತ್ತ ನಕ್ಕರು, ಒಬ್ಬರ ಮೇಲೆ ಒಬ್ಬರು ಬಿದ್ದರು. ಹಿತ್ತಲಲ್ಲಿ ಶವಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದ ಇಸ್ತ್ರಿಯಮ್ಮನ ಗಂಡ, ಬಡಗಿ, ಗರಗಸ ಹಿಡಿದೇ ಇಣುಕಿದ.

"ಏನಾಯ್ತೇ? ಎದ್ದು ಕೂತ್ಲಾ ನಿಮ್ಮಕ್ಕ?"

ಅದಕ್ಕೂ ನಗು.

ಅಷ್ಟರಲ್ಲಿ ಗಡಿಯಾರದ ಹಿರಿಯರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ಕೈಯಲ್ಲಿ ಬಿಲ್ಲೆಗಳ ಚೀಲ. ಹೆಂಗಸರು ಸಾಲಾಗಿ ನಿಂತರು. ಒಬ್ಬೊಬ್ಬಳ ಅಂಗೈಗೂ ಒಂದೊಂದು ಬಿಲ್ಲೆ ಬಿತ್ತು.

"ನಮ್ಮಕ್ಕನಿಗೆ?" ಎಂದಳು ಇಸ್ತ್ರಿಯಮ್ಮ.

"ಸತ್ತವಳಿಗೆ ಬಿಲ್ಲೆ ಯಾಕಮ್ಮ?"

"ಬದುಕಿದ್ದಾಗ ಏನು ತೀರ್ಮಾನ ಆಗಿತ್ತು?"

ಅವರು ತಮ್ಮ ಚಪ್ಪಲಿ ನೋಡಿಕೊಂಡರು. "ಬೇಡ ಅಂತ ಆಗಿತ್ತು. ಆಗ ಅವಳು... ಬದುಕಿದ್ದಾಳೆ ಅಂತಾನೇ ನಾವು ಅಂದ್ಕೊಂಡಿದ್ವಿ." ಉಳಿದದ್ದನ್ನು ಒಂದೇ ಉಸಿರಿಗೆ ಹೇಳಿದರು. ಬಿಲ್ಲೆ ನಿಂತವಳಿಗೆ ದೇವಾಲಯದ ಒಳಗೆ ಶವದ ಆರಾಧನೆ ಇಲ್ಲ. ಸಭೆಯ ಶವದ ಬಂಡಿಯೂ ಇಲ್ಲ. ನಾಳೆ ಭೋಜನ, ಯಾರೂ ಗಲಾಟೆ ಮಾಡಬಾರದು. ಸೋಮವಾರ ಮನೆಯಿಂದಲೇ ಸ್ಮಶಾನಕ್ಕೆ ತೆಗೆದುಕೊಂಡು ಹೋಗಬಹುದು. "ಮತ್ತೆ ಯಜಮಾನರು ಕೇಳಿದ್ರು. ಹಂಡೆಮನೆ ಬೀಗ ಯಾರೋ ತಗೊಂಡು ಹೋಗಿದಾರಂತೆ. ಸೋಮವಾರ ಬೆಳಿಗ್ಗೆ ಬೇಕಂತೆ."

ಅವರು ಹೋದ ಮೇಲೆ ಯಾರೂ ನಗಲಿಲ್ಲ.

ಇಸ್ತ್ರಿಯಮ್ಮ ತನ್ನ ಅಂಗೈ ನೋಡಿದಳು. ಐದು ಮಕ್ಕಳನ್ನು ಹೆತ್ತ ಹೆಂಗಸು. ಭಯಭಕ್ತಿಯವಳು. ಮೊದಲ ಬಿಲ್ಲೆ ಕೈಗೆ ಬಂದ ದಿನದಿಂದ ಒಂದು ಭೋಜನವನ್ನೂ ತಪ್ಪಿಸಿದವಳಲ್ಲ. ಬಿಲ್ಲೆ ಬಿಟ್ಟರೆ ನಾಳೆ ರೊಟ್ಟಿ ಇಲ್ಲ ಎಂದು ಗೊತ್ತು. ಬಿಲ್ಲೆಯನ್ನು ಅಕ್ಕನ ಕೈಯೊಳಗೆ ಇಟ್ಟು, ಆ ಬೆರಳುಗಳನ್ನು ಮಡಚಿದಳು.

"ನಾನು ಹೊರಗೇ ಇರ್ತೀನಿ," ಎಂದಳು. "ಇವಳು ಒಳಗೆ ಹೋಗ್ಲಿ."

ಗಿರಗಿಟ್ಲೆ ತನ್ನದನ್ನೂ ಇಟ್ಟಳು. ಆಮೇಲೆ ಇನ್ನೊಬ್ಬಳು. ಕೊನೆಗೆ ಅಮ್ಮನವರು. ಅಕ್ಕನ ಎರಡೂ ಕೈ ತುಂಬಿ, ಬಿಲ್ಲೆಗಳು ಎದೆಯ ಮೇಲೆ ಉರುಳಿದವು.

"ಈಗ ಊರಲ್ಲಿ ಇವಳಷ್ಟು ಯೋಗ್ಯರು ಯಾರೂ ಇಲ್ಲ ಬಿಡಿ," ಎಂದರು ಅಮ್ಮನವರು.

"ನಾವು ತಟ್ಟೆಗೆ ಏನು ಹಾಕೋದು?" ಎಂದಳು ಗಿರಗಿಟ್ಲೆ.

ಇಸ್ತ್ರಿಯಮ್ಮ ಎದ್ದುಹೋಗಿ ಅಕ್ಕನ ತಗಡಿನ ಡಬ್ಬಿ ತಂದಳು. ಹಂಡೆಯ ತಳದಲ್ಲಿ ಉಳಿಯುತ್ತಿದ್ದ ಗುಂಡಿಗಳನ್ನೆಲ್ಲ ಹಂಡೆಯಕ್ಕ ಅದರಲ್ಲಿ ಕೂಡಿಡುತ್ತಿದ್ದಳು. ಬುಧವಾರ ಅನಾಥ ಮಕ್ಕಳ ಅಂಗಿಗೆ ಅವೇ ಹೋಗುತ್ತಿದ್ದವು. ಡಬ್ಬಿ ಅಲುಗಿಸಿದರೆ ಅವಳ ನಗುವಿನ ಹಾಗೇ ಗಲಗಲ ಅಂದಿತು.

*

ಭಾನುವಾರ ಬೆಳಿಗ್ಗೆ ಹಂಡೆಯಕ್ಕನ ಮೆರವಣಿಗೆ ಹೊರಟಿತು. ಶವದ ಬಂಡಿ ಇಲ್ಲ ಎಂದರು ಅಲ್ಲವೇ? ಗಿರಗಿಟ್ಲೆ ಲಾಂಡ್ರಿಯ ತಳ್ಳುಗಾಡಿ ತಂದಿದ್ದಳು. ಆಸ್ಪತ್ರೆಯಿಂದ ಕೊಳೆಬಟ್ಟೆ ಹೇರಿ ತರುವ ಗಾಡಿ. ಅದರ ಮುಂದಿನ ಚಕ್ರವೊಂದು ಹುಟ್ಟಾ ಹಟಮಾರಿ. ನೀವು ಬಲಕ್ಕೆ ಎಂದರೆ ಅದು ಎಡಕ್ಕೆ. ನೆಟ್ಟಗೆ ಹೋಗುವಾಗ ಕುಯ್ಯೋ ಎಂದು ಅಳುತ್ತಿತ್ತು.

"ಹಿಡಿದೇ ಇರಿ," ಎಂದ ಬಡಗಿ, ಶವಪೆಟ್ಟಿಗೆಯನ್ನು ಗಾಡಿಯ ಮೇಲೆ ಕೂರಿಸುತ್ತ. "ಮುಚ್ಚಳಕ್ಕೆ ಮೊಳೆ ಹೊಡೆದಿಲ್ಲ. ಸ್ಮಶಾನದಲ್ಲಿ ಹೊಡೀತೀನಿ."

ಮುಂದೆ ಅಮ್ಮನವರು ರೊಟ್ಟಿಯ ಬುಟ್ಟಿ ಹೊತ್ತಿದ್ದರು. ಹಿಂದೆ ಒಬ್ಬಳ ತೋಳಿನಲ್ಲಿ ಮೇಜಿನ ಬಟ್ಟೆ, ಇನ್ನೊಬ್ಬಳ ತಲೆಯ ಮೇಲೆ ಬಟ್ಟಲುಗಳ ಪೆಟ್ಟಿಗೆ. ಕೀರ್ತನೆ ಶುರುವಾಯಿತು. ಚಕ್ರ ತಾನೂ ಒಂದು ರಾಗ ಹಿಡಿಯಿತು. ಅಕ್ಕನ ರಾಗವೇ, ಎಂದುಕೊಂಡಳು ಇಸ್ತ್ರಿಯಮ್ಮ. ಸರಿಯಾಗಿ ಅರ್ಧ ದನಿ ಕೆಳಗೆ.

ದೇವಾಲಯದ ಬೀದಿ ಇಳಿಜಾರು. ಇಳಿಜಾರಿನ ತಲೆಯಲ್ಲಿ ಗಿರಗಿಟ್ಲೆಗೆ ಸೀನು ಬಂತು. ಸೀನಲು ಒಂದು ಕೈ ಬಿಟ್ಟಳು. ಚಕ್ರಕ್ಕೆ ಅಷ್ಟೇ ಬೇಕಿತ್ತು.

ಗಾಡಿ ಹೊರಟೇಬಿಟ್ಟಿತು.

"ಹಿಡೀರೇ! ಅಕ್ಕ ಹೋದ್ಲು!"

ಬಿಲ್ಲೆಗಳು ಒಳಗೆ ಝಣಝಣ ಎಂದವು. ಹೆಂಗಸರು ಸೀರೆ ಎತ್ತಿಕಟ್ಟಿ ಓಡಿದರು. ಹಾಲಿನವನು ಗೋಡೆಗೆ ಅಂಟಿಕೊಂಡ. ನಾಯಿಯೊಂದು ಪಕ್ಕದಲ್ಲಿ ಓಡುತ್ತ ಗಾಡಿಗೆ ಬುದ್ಧಿ ಹೇಳಿತು. ಅಮ್ಮನವರು ಬುಟ್ಟಿಯನ್ನು ಎದೆಗೆ ಅವಚಿಕೊಂಡು, "ಕರ್ತನೇ, ತಡಿ! ಕರ್ತನೇ, ತಡಿ!" ಎಂದು ಕೂಗುತ್ತ ಎಲ್ಲರಿಗಿಂತ ಮುಂದೆ ಓಡಿದರು. ಅವರು ಅಷ್ಟು ಜೋರಾಗಿ ಓಡಬಲ್ಲರೆಂದು ಅವರಿಗೇ ಗೊತ್ತಿರಲಿಲ್ಲ. ಇಸ್ತ್ರಿಯಮ್ಮ ಓಡುತ್ತಿದ್ದಳು, ಮಂಡಿ ನೋಯುತ್ತಿತ್ತು, ಕಣ್ಣು ಸುರಿಯುತ್ತಿತ್ತು. ಹೊಟ್ಟೆಯ ಆಳದಿಂದ ನಗು ಉಕ್ಕಿ ಉಕ್ಕಿ ಬರುತ್ತಿತ್ತು. ಇಷ್ಟು ವರ್ಷ ಬೀಗದ ಹಿಂದೆ ಇದ್ದವಳು ಈಗ ಹೀಗೆ ಓಡುತ್ತಿದ್ದಾಳಲ್ಲ! ಓಡು ಅಕ್ಕಾ. ಓಡು.

ದೇವಾಲಯದ ಮೆಟ್ಟಿಲಿಗೆ ಮುಟ್ಟಿ ಗಾಡಿ ತಾನಾಗಿ ನಿಂತಿತು. ನಿಲ್ಲಬೇಕಾದ ಕಡೆಯೇ ನಿಂತಿತು.

ಬಾಗಿಲಲ್ಲಿ ಗಡಿಯಾರದ ಹಿರಿಯರು ತಟ್ಟೆ ಹಿಡಿದು ನಿಂತಿದ್ದರು. ಒಳಗೆ ಯೋಗ್ಯರೆಲ್ಲ ಕೂತಾಗಿತ್ತು. ಹೆಂಗಸರು ಏದುಸಿರು ಬಿಡುತ್ತ, ಬಾಯಿ ಮುಚ್ಚಿಕೊಳ್ಳುತ್ತ ಸಾಲು ನಿಂತರು. ಮೊದಲನೆಯವಳು ತಟ್ಟೆಗೆ ಬಿಳಿ ಗುಂಡಿ ಹಾಕಿದಳು. ಎರಡನೆಯವಳು ನೀಲಿ ಗುಂಡಿ.

"ಏನಿದು?"

"ಗುಂಡಿ."

"ಬಿಲ್ಲೆ ಎಲ್ಲಿ?"

"ಅವಳ ಹತ್ರ ಇದೆ. ಕೇಳ್ತೀರಾ?"

ಗದ್ದಲ ಕೇಳಿ ಯಜಮಾನರು ಹೊರಗೆ ಬಂದರು. ಗಾಡಿ ನೋಡಿದರು. ಪೆಟ್ಟಿಗೆ ನೋಡಿದರು. ಆಮೇಲೆ ತಟ್ಟೆ ನೋಡಿದರು. ಅವರ ಬೆರಳು ಕಂದು ಬಣ್ಣದ ದಪ್ಪ ಗುಂಡಿಯೊಂದರ ಮೇಲೆ ನಿಂತಿತು.

"ಇದು ನನ್ನ ಕೋಟಿನದು!"

ಎಲ್ಲರ ಕಣ್ಣೂ ಅವರ ಕೋಟಿನ ಮೇಲೆ ಹೋಯಿತು. ಹೊಟ್ಟೆಯ ಮೇಲೆ ಒಂದು ಗುಂಡಿ ಇರಲಿಲ್ಲ. ದಾರ ನೇತಾಡುತ್ತಿತ್ತು.

"ಚಿಂತೆ ಮಾಡ್ಬೇಡಿ ಯಜಮಾನ್ರೇ," ಎಂದಳು ಗಿರಗಿಟ್ಲೆ. "ಹಂಡೇಲಿ ಚೆನ್ನಾಗಿ ಕುದ್ದು ಬಂದಿದೆ. ನಿಮಗಿಂತ ಶುದ್ಧ."

ಬೀದಿ ನಕ್ಕಿತು. ಒಳಗಿನ ಬೆಂಚುಗಳಿಂದಲೂ ಯಾರೋ ನಕ್ಕು ಕೆಮ್ಮಿದಂತೆ ಮಾಡಿದರು.

ಇಸ್ತ್ರಿಯಮ್ಮ ಮೆಟ್ಟಿಲು ಹತ್ತಿದಳು. ಅವಳಿಗೆ ನಗು ಬರಲಿಲ್ಲ.

"ಯಜಮಾನ್ರೇ, ನಮ್ಮಕ್ಕ ಮುಂಬಾಗಿಲಿಂದ ಒಳಗೆ ಬರ್ತಾಳೆ. ಮೇಜಿನ ಮುಂದೆ ಇರ್ತಾಳೆ. ಮತ್ತೆ ಆ ಬೀಗದ ಕೈ ನನಗೆ ಬೇಕು. ಇನ್ನು ಆ ಬಾಗಿಲಿಗೆ ಬೀಗ ಬೀಳಬಾರ್ದು."

"ಮೊದಲು ಬೀಗ ವಾಪಸ್ ಕೊಡು. ಕಳ್ಳತನ ಬೇರೆ!"

"ನಿನ್ನೆ ಆ ಬೀಗದ ಕೈ ಸಿಕ್ಕಿದ್ರೆ ಅವಳು ಬದುಕ್ತಿದ್ಳು."

"ದೇವರ ಚಿತ್ತಕ್ಕೆ ಯಾರೇನು ಮಾಡೋಕಾಗತ್ತೆ? ಸೋಮವಾರ ಕೆಲಸಕ್ಕೆ ಬರ್ಬೇಡ ನೀನು. ನಿಮ್ಮಲ್ಲಿ ಯಾರೂ ಬರ್ಬೇಡಿ. ರೊಟ್ಟಿ ಬುಟ್ಟಿ ಅಲ್ಲಿಟ್ಟು ಹೋಗಿ."

"ಇಡಲ್ಲ," ಎಂದಳು ಇಸ್ತ್ರಿಯಮ್ಮ.

ಒಂದೇ ಮಾತು. ಹುಟ್ಟಿದಾಗಿನಿಂದ ಯಾವ ಯಜಮಾನರಿಗೂ ಅವಳು ಆ ಮಾತು ಹೇಳಿದ್ದಿಲ್ಲ. ಹೇಳಿದ ಮೇಲೆ ತಲೆ ಹಗುರವಾಯಿತು, ಗಾಳಿ ತುಂಬಿದ ಪೈಜಾಮದಂತೆ.

"ಬಾಗಿಲು ಹಾಕಿ!" ಎಂದು ಯಜಮಾನರು ಒಳಗೆ ಹೋದರು. ತಟ್ಟೆಯ ಹಿರಿಯರೂ ಹೋದರು. ದೊಡ್ಡ ಬಾಗಿಲು ಹೆಂಗಸರ ಮೂಗಿನ ಮುಂದೆ ಧಡಾರನೆ ಮುಚ್ಚಿತು.

ಬಾಗಿಲಿನ ಎರಡು ಹಿತ್ತಾಳೆ ಬಳೆಗಳು ಪಕ್ಕಪಕ್ಕ ಬಂದು ನಿಂತವು. ಇಸ್ತ್ರಿಯಮ್ಮ ಅವನ್ನು ನೋಡಿದಳು. ಚೀಲದೊಳಗೆ ಕೈ ಹಾಕಿದಳು. ತೆರೆದ ಬೀಗ ಅಲ್ಲೇ ಇತ್ತು. ಎರಡು ಬಳೆಗಳನ್ನೂ ಸೇರಿಸಿ ಅದನ್ನು ತೂರಿಸಿ ಒತ್ತಿದಳು.

ಕಟ್.

ಗಿರಗಿಟ್ಲೆ ಮೆಲ್ಲಗೆ ಹೇಳಿದಳು: "ಅಯ್ಯೋ ಅಕ್ಕಯ್ಯಾ. ಇದರ ಕೈ ಅವರ ಜೇಬಲ್ಲಿದೆ."

"ಹೌದು," ಎಂದಳು ಇಸ್ತ್ರಿಯಮ್ಮ. ಆಗ ಅವಳಿಗೂ ನಗು ಬಂತು.

ಆಮೇಲೆ ನಡೆದದ್ದೆಲ್ಲ ಕಿಟಕಿಯ ಸರಳುಗಳ ಮೂಲಕ. ಒಳಗೆ ಬಿಲ್ಲೆ ಕೊಟ್ಟವರು, ರೊಟ್ಟಿ ಇಲ್ಲದ ಮೇಜು. ಹೊರಗೆ ರೊಟ್ಟಿ, ಬಿಲ್ಲೆ ಇಲ್ಲದ ಹೆಂಗಸರು. ಅಯ್ಯನವರು, ಒಳ್ಳೆಯವರು ಆದರೆ ಹಿರಿಯರಿಗೆ ಹೆದರುವವರು, ಕಿಟಕಿಗೆ ಮುಖ ತಂದರು.

"ಏನೇ, ಹಿಂದಿನ ಬಾಗಿಲಿನ ಬೀಗದ ಕೈ ನಿನ್ನ ಹತ್ರಾನೇ ಅಲ್ವಾ ಇರೋದು?"

"ಇದೆ ರೀ," ಎಂದರು ಅಮ್ಮನವರು. ಬಟ್ಟಲು ತೊಳೆಯಲು ಹೆಂಗಸರು ಹೋಗುವ ಬಾಗಿಲು ಅದು.

"ಮತ್ತೆ ತೆಗಿ."

"ಇಲ್ಲಿ ಚರ್ಚೆ ನಡೀತಿದೆ ರೀ. ಪ್ರಾರ್ಥನೆ ಮುಗೀಲಿ."

ಹೆಂಗಸರು ಮೆಟ್ಟಿಲ ಮೇಲೆ ಕೂತೇಬಿಟ್ಟರು, ಹೊಟ್ಟೆ ಹಿಡಿದುಕೊಂಡು. ಅಯ್ಯನವರ ತುಟಿಯ ಕೊನೆಯೂ ಒಂದು ಸಲ ಅಲುಗಿತು.

"ಸೆಖೆ ಆಗ್ತಿದೆ," ಎಂದರು ಗಡಿಯಾರದ ಹಿರಿಯರು ಒಳಗಿನಿಂದ.

"ಹಂಡೆ ಇಲ್ವಲ್ಲ ಅಲ್ಲಿ," ಎಂದಳು ಗಿರಗಿಟ್ಲೆ. "ಹಂಡೆ ತಂದು ಹಚ್ಚಲಾ?"

ಯಜಮಾನರು ಎದೆಯ ಮೇಲೆ ಕೈಕಟ್ಟಿ ಕೂತರು. ಬೀಗದ ಕೈ ಕೊಡಲಾರೆ. ಕೊಟ್ಟರೆ ಹೆಂಗಸರಿಗೆ ಸೋತಂತೆ. ಹೀಗೇ ಮಧ್ಯಾಹ್ನದವರೆಗೂ ಕೂರುತ್ತಿದ್ದರೇನೋ. ಆದರೆ ಮೊದಲ ಬೆಂಚಿನಲ್ಲಿ ಅವರ ತಾಯಿ ಇದ್ದರು. ಹಣ್ಣು ಹಣ್ಣು ಮುದುಕಿ. ಅವರು ಕೋಲು ಕುಟ್ಟಿದರು.

"ಲೋ, ಬಾಗಿಲು ತೆಗೆಸೋ. ನಾನು ಹೊರಗೆ ಹೋಗ್ಬೇಕು."

"ಸ್ವಲ್ಪ ತಡಿಯಮ್ಮ."

"ತಡಿಯೋಕಾಗಲ್ಲ ಕಣೋ."

"ಅಮ್ಮಾ, ಎಲ್ಲರ ಮುಂದೆ..."

"ಎಲ್ಲರ ಮುಂದೆ ಇಲ್ಲೇ ಕೂತ್ಕೊಳ್ಲಾ? ಆ ಹೆಂಗಸು ದಿನಾ ಹಂಗೇ ಕೂತ್ಕೊಳ್ತಿದ್ಳಂತಲ್ಲ! ನಿನ್ನ ಬೀಗದ ದೆಸೆಯಿಂದ! ನಾನು ಹೆತ್ತಿದ್ದು ಮಗನನ್ನೋ ಚಿಲಕಾನೋ? ಕೊಡೋ ಅದನ್ನ!"

ದೇವಾಲಯದ ಚಾವಣಿಯ ಪಾರಿವಾಳಗಳೂ ಸದ್ದು ನಿಲ್ಲಿಸಿದವು.

ಯಜಮಾನರು ಎದ್ದರು. ಕೋಟಿನ ಜೇಬಿಗೆ ಕೈ ಹಾಕಿದರು. ಕಿಟಕಿಯ ಸರಳುಗಳ ನಡುವೆ ತಟ್ಟೆ ಹೊರಗೆ ಬಂತು. ಗುಂಡಿಗಳ ನಡುವೆ ಬೀಗದ ಕೈ.

ಇಸ್ತ್ರಿಯಮ್ಮ ಅದನ್ನು ಎತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು.

"ಇದು ನಿಮ್ಮ ಜೇಬಿಗೆ ಮತ್ತೆ ಬರಲ್ಲ," ಎಂದಳು. "ಹಂಡೆಮನೆಗೆ ಇನ್ನು ಬೀಗ ಇಲ್ಲ. ಕೆಲಸದಿಂದ ಯಾರನ್ನೂ ತೆಗೆಯೋ ಹಾಗೂ ಇಲ್ಲ. ಎಲ್ಲರ ಮುಂದೆ ಹೇಳಿ."

ಯಜಮಾನರು ತಾಯಿಯ ಕಡೆ ನೋಡಿದರು.

"ಹೂಂ ಅನ್ನೋ ಬೇಗ!" ಎಂದರು ಮುದುಕಿ.

"ಹೂಂ," ಎಂದರು ಯಜಮಾನರು.

ಬೀಗ ತೆರೆಯಿತು. ಮೊದಲು ಹೊರಗೆ ಬಂದದ್ದು ಮುದುಕಿ. ಅವರು ಓಡಿದ ಓಟಕ್ಕೆ ಬೀದಿ ಚಪ್ಪಾಳೆ ತಟ್ಟಿತು. ಆಮೇಲೆ ಮೆಟ್ಟಿಲ ಮೇಲೆ ಪೆಟ್ಟಿಗೆ ಎತ್ತಿದವರು ಹೆಂಗಸರೇ. ಒದ್ದೆ ಹಾಸುಬಟ್ಟೆಯ ಮೂಟೆ ಹೊತ್ತು ಹೊತ್ತು ಬಲಿತ ಹೆಗಲುಗಳು. ಬಡಗಿ ಕೈ ಹಾಕಲು ಬಂದರೆ, "ನೀವು ಸುಮ್ನಿರಿ," ಎಂದು ದೂಡಿದರು. ಮುಂಬಾಗಿಲಿಂದ, ನಡುದಾರಿಯಲ್ಲಿ, ಮೇಜಿನ ಮುಂದಕ್ಕೆ.

ಅಯ್ಯನವರು ಒಂದು ಕ್ಷಣ ಹಿರಿಯರ ಕಡೆ ನೋಡಿದರು. ಆಮೇಲೆ ಹೆಂಡತಿಯ ಕಡೆ ನೋಡಿದರು. ಬಟ್ಟೆ ಹಾಸಿದ ಮೇಜಿನ ಹಿಂದೆ ನಿಂತು ರೊಟ್ಟಿ ಕೈಗೆತ್ತಿಕೊಂಡರು. ಬಿಲ್ಲೆಯ ಮಾತು ಯಾರೂ ಎತ್ತಲಿಲ್ಲ. ರೊಟ್ಟಿಯ ತಟ್ಟೆ ಹೊತ್ತು ಬೆಂಚುಗಳ ನಡುವೆ ನಡೆಯಬೇಕಾದವರು ಹಿರಿಯರು. ಗಡಿಯಾರದ ಹಿರಿಯರು ತಟ್ಟೆ ಹಿಡಿದು ಯಜಮಾನರ ಕಡೆ ನೋಡುತ್ತ ನಿಂತರು. ಅಮ್ಮನವರು ಹೋಗಿ ಆ ತಟ್ಟೆಯನ್ನು ತೆಗೆದುಕೊಂಡರು. ಆ ಸಭೆಯಲ್ಲಿ ಹೆಂಗಸೊಬ್ಬಳು ಅದನ್ನು ಹೊತ್ತದ್ದು ಅದೇ ಮೊದಲು. ಆಕಾಶ ಬೀಳಲಿಲ್ಲ. ಯಜಮಾನರು ಹಿಂದೆ, ಗೋಡೆಗೆ ಒರಗಿ ನಿಂತೇ ಇದ್ದರು. ತಟ್ಟೆ ಅವರ ಮುಂದೆ ಬಂದಾಗ ಕೈ ಚಾಚಲಿಲ್ಲ. ತಡೆದವರು ಯಾರೂ ಇರಲಿಲ್ಲ.

ಇಸ್ತ್ರಿಯಮ್ಮ ರೊಟ್ಟಿಯ ತುಂಡನ್ನು ಬಾಯಿಗೆ ಹಾಕಿಕೊಂಡಳು. ಪಕ್ಕದಲ್ಲಿ ಅಕ್ಕ ಕೂರುವ ಜಾಗ ಖಾಲಿ ಇತ್ತು. ದ್ರಾಕ್ಷಾರಸ ಗುಟುಕರಿಸುವಾಗ ಪ್ರತಿ ಸಲ ಅಕ್ಕ ಅವಳ ಕಿವಿಯಲ್ಲಿ, "ಬಟ್ಟೆ ಮೇಲೆ ಚೆಲ್ಬೇಡ್ವೇ, ಕಲೆ ತೆಗೆಯೋಳು ನಾನೇ," ಎನ್ನುತ್ತಿದ್ದಳು. ಈ ಸಲ ಯಾರೂ ಹೇಳಲಿಲ್ಲ. ಇಸ್ತ್ರಿಯಮ್ಮ ಒಂದು ಹನಿ ಚೆಲ್ಲಿದಳು. ಬೇಕೆಂದೇ ಚೆಲ್ಲಿದಳು.

*

ಸ್ಮಶಾನದಲ್ಲಿ ಮುಚ್ಚಳಕ್ಕೆ ಮೊಳೆ ಹೊಡೆಯುವ ಮೊದಲು ಇಸ್ತ್ರಿಯಮ್ಮ ಬೀಗದ ಕೈಯನ್ನು ಬಿಲ್ಲೆಗಳ ನಡುವೆ ಇಟ್ಟಳು.

"ಹೊಸ ಬೀಗ ತಂದ್ರೆ?" ಎಂದಳು ಗಿರಗಿಟ್ಲೆ.

"ತರ್ಲಿ. ನಾವು ಸತ್ತಿದೀವಾ?"

ಬಿಲ್ಲೆಗಳೂ ಮಣ್ಣಿಗೆ ಹೋಗುತ್ತವೆ ಎಂದು ಗಡಿಯಾರದ ಹಿರಿಯರಿಗೆ ಆಗ ಹೊಳೆಯಿತು. ಬಾಯಿ ತೆರೆದರು. ಹೆಂಗಸರೆಲ್ಲ ಅವರ ಕಡೆ ತಿರುಗಿದರು. ಬಾಯಿ ಮುಚ್ಚಿದರು. ಬಡಗಿ ಮೊಳೆ ಹೊಡೆದ. ಪೆಟ್ಟಿಗೆ ಇಳಿಯಿತು.

ಅಯ್ಯನವರು ಪುಸ್ತಕ ತೆರೆದು, ಉಳಿದವರಿಗೆ ಸಮಾಧಾನ ಕೊಡು ಎಂದು ಪ್ರಾರ್ಥಿಸಿದರು. ಅಷ್ಟೇ. "ಸತ್ತವರಿಗಾಗಿ ಬೇಡುವ ಕ್ರಮ ನಮ್ಮಲ್ಲಿ ಇಲ್ಲ," ಎಂದು ಮೆತ್ತಗೆ ಹೇಳಿದರು. "ಅವರು ಆಗಲೇ ದೇವರ ಕೈಯಲ್ಲಿದ್ದಾರೆ."

"ಗೊತ್ತು ಅಯ್ಯನವರೇ," ಎಂದಳು ಇಸ್ತ್ರಿಯಮ್ಮ. "ಆದ್ರೂ ಅವಳ ವಿಷಯ ನಾನು ಒಂದೆರಡು ಮಾತು ಹೇಳ್ಬೇಕು. ಇಷ್ಟು ದಿನ ಅವಳ ವಿಷಯ ಅವರಿವರೇ ಮಾತಾಡಿದ್ರು."

ಅಯ್ಯನವರು ಪುಸ್ತಕ ಮುಚ್ಚಿ ಟೋಪಿ ತೆಗೆದರು.

ಇಸ್ತ್ರಿಯಮ್ಮ ಮಣ್ಣಿನ ಮೇಲೆ ಮಂಡಿಯೂರಿದಳು. ಹೆಂಗಸರು ಅವಳ ಸುತ್ತ ಕೂತರು. ಯಾರದೋ ಬಿಕ್ಕು ನಗುವೋ ಅಳುವೋ ತಿಳಿಯಲಿಲ್ಲ.

"ಕರ್ತನೇ, ನಮ್ಮಕ್ಕ ಬರ್ತಿದ್ದಾಳೆ. ಅವಳ ಕೈ ನೋಡು. ನೋಡಿದ ಮೇಲೆ ಬೇರೆ ಏನೂ ಕೇಳ್ಬೇಡ. ಅವಳಿಗೆ ಗಾಳಿ ಬರೋ ಕಡೆ ಜಾಗ ಕೊಡು. ಬಾಗಿಲು ತೆರೆದೇ ಇರ್ಲಿ. ನಿನ್ನ ದೂತರು ಅಂಗಿ ಒಗೆಯೋಕೆ ಅವಳನ್ನ ಕರೀಬಾರ್ದು, ಅವರವರದು ಅವರೇ ಒಗ್ಕೊಳ್ಲಿ. ನಿನ್ನ ಸನ್ನಿಧಿಯಲ್ಲಿ ಅವಳು ನಕ್ಕರೆ ತಪ್ಪು ತಿಳೀಬೇಡ. ಅದೇ ಅವಳ ಪ್ರಾರ್ಥನೆ. ದಣಿದಿದ್ದಾಳೆ. ಅವಳಿಗೆ ಶಾಂತಿ ಕೊಡು. ಆಮೆನ್."